ಸೋಚಾ ಹೊಳೆಯ ಹುಟ್ಟಿನವರೆಗೆ

ನದಿಯ ಮೂಲ ಕೇಳಬಾರದು ಎಂದು ತಿಳಿದವರು ಹೇಳುತ್ತಾರೆ. ಬಿಸೆರಾಗೆ ಆ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿದ್ದರೂ ಅವಳು ಕೇಳುವವಳಲ್ಲ.

ಮ್ಯಾಸಿಡೋನಿಯಾದ ಸ್ತ್ರೂಮಿತ್ಸಾ ಊರಿನವಳು ಅವಳು. ಓದಲು ಬಂದದ್ದು ಸ್ಲೊವೇನಿಯಾದ ನೋವಾ ಗೋರಿತ್ಸಾಕ್ಕೆ. ಓದುವ ವಿಷಯವೂ ನೀರಿನದೇ: ಹೊಳೆ, ಕೆರೆ, ನೆಲದೊಳಗಿನ ಒರತೆ. ಬಂದ ಮೊದಲ ವಾರ ಹಾಸ್ಟೆಲಿನ ಕೋಣೆಯ ಜೊತೆಗಾತಿ ಲುಚ್ಕಾ ಅವಳನ್ನು ಊರಂಚಿನ ಸೇತುವೆಗೆ ಕರೆದುಕೊಂಡು ಹೋದಳು. ಕೆಳಗೆ ಸೋಚಾ ಹೊಳೆ ಹರಿಯುತ್ತಿತ್ತು. ಪುದೀನ ಅರೆದು ಹಾಲಿಗೆ ಕಲಸಿದರೆ ಎಂಥ ಬಣ್ಣ ಬರುತ್ತದೋ ಅಂಥ ನೀರು. ಬಿಸೆರಾ ಕಂಬಿ ಹಿಡಿದು ಬಗ್ಗಿ ನೋಡಿದವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಇದು ಎಲ್ಲಿಂದ ಬರುತ್ತೆ?" ಎಂದಳು ಕೊನೆಗೆ.

"ಬೆಟ್ಟದಿಂದ," ಎಂದಳು ಲುಚ್ಕಾ. "ಹೊಳೆ ಇನ್ನೆಲ್ಲಿಂದ ಬರುತ್ತೆ?"

"ಬೆಟ್ಟದಲ್ಲಿ ಎಲ್ಲಿಂದ?"

"ಅಯ್ಯೋ, ನಾನೇನು ಅದನ್ನ ಹೆತ್ತವಳಾ? ಟ್ರೆಂಟಾ ಕಣಿವೆಯ ತುದೀಲಿ ಯಾವುದೋ ಬಂಡೆಯೊಳಗಿಂದ ಬರುತ್ತಂತೆ. ನಮ್ಮೂರಿನ ನೆಲ ರೊಟ್ಟಿ ತಟ್ಟಿದ ಹಾಗಿದೆ, ಒಂದು ದಿಬ್ಬ ಇಲ್ಲ. ಹೋಗಿ ಹೋಗಿ ನನ್ನ ಕೇಳ್ತೀಯಲ್ಲ."

"ಹಾಗಾದ್ರೆ ನಾನೇ ನಡ್ಕೊಂಡು ಹೋಗಿ ನೋಡ್ತೀನಿ. ಸಮುದ್ರ ಸೇರೋ ಕಡೆಯಿಂದ ಶುರು ಮಾಡಿ ಹುಟ್ಟೋ ತನಕ. ಶನಿವಾರ ಭಾನುವಾರ ರಜಾ ಇದ್ದೇ ಇದೆಯಲ್ಲ."

ಲುಚ್ಕಾಳ ಕಣ್ಣು ತನಗರಿವಿಲ್ಲದೆ ಬಿಸೆರಾಳ ಎಡಗಾಲಿನ ಬೂಟಿನತ್ತ ಇಳಿಯಿತು. ಆ ಬೂಟಿನ ಅಟ್ಟೆ ಬಲಗಾಲಿನದಕ್ಕಿಂತ ದಪ್ಪ. ಕ್ಷಣದಲ್ಲೇ ಅವಳು ದೃಷ್ಟಿ ಎತ್ತಿಕೊಂಡಳು. ಆದರೆ ಬಿಸೆರಾ ಅಂಥ ನೋಟಗಳನ್ನು ಹುಟ್ಟಿದಾಗಿನಿಂದ ಕಂಡವಳು. ಅವು ಎಷ್ಟು ಚುರುಕಾಗಿ ಇಳಿದು ಹತ್ತಿದರೂ ಅವಳಿಗೆ ಗೊತ್ತಾಗುತ್ತಿತ್ತು.

"ಕೇಳಬೇಕು ಅನ್ಸಿದ್ರೆ ಕೇಳು," ಎಂದಳು.

"ನೋಯುತ್ತಾ?" ಎಂದು ಕೇಳಿದಳು ಲುಚ್ಕಾ.

"ಕೆಲವು ದಿನ ನೋಯುತ್ತೆ. ಕೆಲವು ದಿನ ನೋಯಲ್ಲ."

"ಸರಿ. ನೋಯದ ದಿನ ನಾನೂ ಬರ್ತೀನಿ. ನೋಯೋ ದಿನ ನಿನ್ನ ಗೊಣಗಾಟ ಕೇಳೋಕೆ ನನ್ನ ಕೈಲಾಗಲ್ಲ."

ಅಂದೇ ಅವರಿಬ್ಬರಿಗೂ ಸ್ನೇಹವಾಯಿತು.

ಬಿಸೆರಾ ಹುಟ್ಟುವಾಗಲೇ ಅವಳ ಎಡಗಡೆಯ ಸೊಂಟದ ಕೀಲು ತನ್ನ ಜಾಗದಲ್ಲಿರಲಿಲ್ಲ. ಆಪರೇಷನ್ ಆಯಿತು, ಸರಿಯಾಗಲಿಲ್ಲವೆಂದು ಮತ್ತೊಂದು ಆಯಿತು. ಕಂಕುಳಿನಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ತಿಂಗಳುಗಳಲ್ಲಿ ಅವಳ ಎದೆಯ ಮೇಲೆ ಸದಾ ಒಂದು ಭೂಪಟದ ಪುಸ್ತಕ ಇರುತ್ತಿತ್ತು. ಅದರಲ್ಲಿ ಅವಳಿಗೆ ದೇಶಗಳ ಬಣ್ಣ ಬೇಕಿರಲಿಲ್ಲ. ನೀಲಿ ಗೆರೆಗಳು ಬೇಕಿದ್ದವು. ಬೆರಳನ್ನು ಸಮುದ್ರದಲ್ಲಿಟ್ಟು ಗೆರೆಯನ್ನು ಹಿಂದಕ್ಕೆ ಹಿಂದಕ್ಕೆ ಹಿಡಿದು ಹೋದರೆ ಅದು ಕೂದಲೆಳೆಯಷ್ಟು ಸಣ್ಣದಾಗಿ ಕೊನೆಗೆ ಇಲ್ಲವಾಗುತ್ತಿತ್ತು. ಆ ಇಲ್ಲವಾಗುವ ಜಾಗದಲ್ಲಿ ಏನಿದೆ ಎಂಬುದೇ ಅವಳ ಯೋಚನೆ.

ತಾಯಿ ದೊಬ್ರಿಂಕಾ ಪೇಟೆಯಲ್ಲಿ ಮೆಣಸಿನಕಾಯಿ ಮಾರುವವಳು. ಗಟ್ಟಿ ಹೆಂಗಸು. ಮಗಳಿಗೆ ಒಂಬತ್ತು ತುಂಬುವವರೆಗೂ ಅವಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟು, ಅಲ್ಲಿಂದ ಅಂಗಡಿಗೆ ಹೋಗುತ್ತಿದ್ದಳು. "ಬಿದ್ದರೆ ಮತ್ತೆ ಕಷ್ಟ," ಎಂದು ಡಾಕ್ಟರು ಎಂದೋ ಅಂದ ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಮಗಳು ಬೀಳಬಾರದು. ಹಾಗಾಗಿ ಮಗಳು ಓಡಬಾರದು, ಸೈಕಲ್ ಹತ್ತಬಾರದು, ಮಳೆಯಲ್ಲಿ ಹೊರಗೆ ಕಾಲಿಡಬಾರದು. ಶಾಲೆಯವರು ಓಹ್ರಿದ್ ಸರೋವರಕ್ಕೆ ಪ್ರವಾಸ ಹೋದಾಗ ದೊಬ್ರಿಂಕಾ ಟೀಚರ ಕೈ ಹಿಡಿದು ಬೇಡಿಕೊಂಡಿದ್ದಳು. ಪರಿಣಾಮವಾಗಿ ಉಳಿದ ಮಕ್ಕಳೆಲ್ಲ ಕೋಟೆ ಹತ್ತಿದರೆ ಬಿಸೆರಾ ಬಸ್ಸಿನೊಳಗೆ ಅವರ ಚೀಲಗಳ ನಡುವೆ ಕೂತು ಡ್ರೈವರನ ಗೊರಕೆ ಕೇಳಿದಳು.

ದೂರದ ಊರಿಗೆ ಓದಲು ಕಳಿಸುವುದಕ್ಕೂ ಅಮ್ಮ ಸುಲಭಕ್ಕೆ ಒಪ್ಪಿರಲಿಲ್ಲ. ಸ್ಕಾಲರ್‌ಷಿಪ್ ಸಿಕ್ಕಿದ್ದರಿಂದಲೂ, ಲಾರಿ ಓಡಿಸುವ ಅಪ್ಪ ಬ್ಲಾಜೆ ಜೀವನದಲ್ಲಿ ಒಮ್ಮೆ ಮೇಜು ಗುದ್ದಿದ್ದರಿಂದಲೂ ಒಪ್ಪಿದ್ದಳು. ಅದೂ ಒಂದು ಮಾತಿನ ಮೇಲೆ: ಕ್ಲಾಸು, ಹಾಸ್ಟೆಲು, ಲೈಬ್ರರಿ. ಬೇರೆಲ್ಲೂ ಇಲ್ಲ.

ಬಿಸೆರಾ ಆ ಮಾತಿಗೆ ತಲೆ ಆಡಿಸಿದ್ದಳು. ತಲೆ ಆಡಿಸುವಾಗಲೇ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು.

ಮೊದಲ ಶನಿವಾರ ಇಬ್ಬರೂ ಹೊಳೆಯ ಕೊನೆಗೆ ಹೋದರು. ನೋವಾ ಗೋರಿತ್ಸಾದಲ್ಲಿ ಗಡಿ ಎಂದರೆ ರೈಲು ನಿಲ್ದಾಣದ ಎದುರಿನ ಚೌಕ. ಈ ಬದಿಯಲ್ಲಿ ನಿಂತು ಸೀನಿದರೆ ಇಟಲಿಯಲ್ಲಿ ಯಾರಾದರೂ ಆರೋಗ್ಯ ವಿಚಾರಿಸುತ್ತಾರೆ. ಅದನ್ನು ದಾಟಿ ಆ ಕಡೆಯ ರೈಲು ಹಿಡಿದು, ಇಳಿದು, ಜೌಗು ನೆಲದ ಒಡ್ಡಿನ ಮೇಲೆ ನಡೆದರು. ಹುಲ್ಲಿನಲ್ಲಿ ಬಿಳಿ ಕುದುರೆಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಮೇಯುತ್ತಿದ್ದವು. ಹೊಳೆ ಅಲ್ಲಿ ಅಗಲವಾಗಿ, ಕಂದಾಗಿ, ಮುದುಕನಂತೆ ಉಸ್ಸೆನ್ನುತ್ತ ಸಮುದ್ರಕ್ಕೆ ಸೇರುತ್ತಿತ್ತು. ಬಿಸೆರಾ ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಉಗಿದಳು. ಉಪ್ಪು.

"ಹೇಗಿದೆ?" ಎಂದಳು ಲುಚ್ಕಾ.

"ನಮ್ಮಮ್ಮ ಕೋಪದಲ್ಲಿ ಮಾಡಿದ ಸಾರಿನ ಹಾಗಿದೆ."

ಅಲ್ಲಿಂದ ಶುರುವಾಯಿತು. ಒಂದು ವಾರ ಎಲ್ಲಿ ನಿಲ್ಲಿಸಿದರೋ ಮುಂದಿನ ವಾರ ರೈಲೋ ಬಸ್ಸೋ ಹಿಡಿದು ಅಲ್ಲಿಗೇ ಹೋಗಿ, ಅಲ್ಲಿಂದ ಮುಂದಕ್ಕೆ. ದ್ರಾಕ್ಷಿ ತೋಟಗಳ ಬದಿ, ಜೋಳ ಕೊಯ್ದ ಹೊಲಗಳ ಬದಿ, ಒಮ್ಮೆ ಯಾರದೋ ಕೋಳಿಗೂಡಿನ ಹಿಂದಿನಿಂದ. ಲುಚ್ಕಾ ಬಂದರೆ ಇಬ್ಬರು, ಬರದಿದ್ದರೆ ಬಿಸೆರಾ ಒಬ್ಬಳೇ. ಅವಳ ನಡಿಗೆಗೆ ತನ್ನದೇ ತಾಳವಿತ್ತು, ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಊರಲ್ಲಿ ಜನ ನೋಡುತ್ತಾರೆಂದು ಅದನ್ನು ಮುಚ್ಚಿಡಲು ಹೋಗಿ ಸೊಂಟ ನೋಯಿಸಿಕೊಳ್ಳುತ್ತಿದ್ದಳು. ಇಲ್ಲಿ ನೋಡುವವರಿರಲಿಲ್ಲ. ಬಾತುಕೋಳಿಗಳಿಗೆ ಅವಳು ಹೇಗೆ ನಡೆದರೂ ಒಂದೇ. ಮುಚ್ಚಿಡುವುದನ್ನು ಬಿಟ್ಟ ಮೇಲೆ ನೋವು ಅರ್ಧಕ್ಕಿಳಿಯಿತು. ಇದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ.

ಭಾನುವಾರ ಸಂಜೆ ಅಮ್ಮನ ವಿಡಿಯೋ ಫೋನು ಬರುತ್ತಿತ್ತು.

"ಎಲ್ಲಿದ್ದೆ ಮಗಾ?" ಆ ಸೀಮೆಯ ತಾಯಂದಿರು ಹೆಣ್ಣುಮಕ್ಕಳನ್ನೂ ಮಗಾ ಎಂದೇ ಕರೆಯುವುದು.

"ಲೈಬ್ರರೀಲಿ ಇದ್ದೆ ಅಮ್ಮಾ."

"ಮುಖ ಯಾಕೆ ಕೆಂಪಗಿದೆ?"

"ಇಲ್ಲಿ ಹೀಟರು ಜೋರು."

ಪಕ್ಕದ ಮಂಚದಲ್ಲಿ ಲುಚ್ಕಾ ದಿಂಬಿಗೆ ಬಾಯಿ ಒತ್ತಿಕೊಂಡು ನಗುತ್ತಿದ್ದಳು.

ಚಳಿಗಾಲದಲ್ಲಿ ಬುರ್ಯಾ ಗಾಳಿ ಎದ್ದು ಹೆಂಚುಗಳನ್ನು ಹಾರಿಸತೊಡಗಿದಾಗ ನಡಿಗೆ ನಿಂತಿತು. ಮಾರ್ಚಿನಲ್ಲಿ ಮತ್ತೆ ಹೊರಟಳು. ಆ ಹೊತ್ತಿಗೆ ಹೊಳೆ ಬಯಲು ಬಿಟ್ಟು ಬೆಟ್ಟಗಳ ನಡುವೆ ಹೊಕ್ಕಿತ್ತು. ದಾರಿ ಕಡಿದಾಗತೊಡಗಿತು, ಸುಣ್ಣಕಲ್ಲು ಮಳೆಗೆ ಸೋಪಿನಂತಾಗಿತ್ತು. ಕನಾಲ್ ಊರಿನ ಹತ್ತಿರ ಅವಳು ಒಬ್ಬಳೇ ಇಳಿಜಾರು ಇಳಿಯುತ್ತಿದ್ದಾಗ ಬಲಗಾಲು ಜಾರಿತು. ದಪ್ಪ ಅಟ್ಟೆಯ ಎಡಗಾಲಲ್ಲ, ಬಲಗಾಲು. ಆಕಾಶ ಒಮ್ಮೆ ತಿರುಗಿ, ಎಡ ಸೊಂಟ ಕಲ್ಲಿಗೆ ಅಪ್ಪಳಿಸಿತು.

ಅವಳು ಬಿದ್ದಲ್ಲೇ ಮಲಗಿದಳು. ಇಪ್ಪತ್ತು ವರ್ಷ ಇಡೀ ಮನೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತಡೆದಿದ್ದು ಇದೊಂದನ್ನೇ. ಈಗ ಅದು ಆಗಿಹೋಗಿತ್ತು. ಅಲುಗಾಡಿದರೆ ಏನು ಗೊತ್ತಾಗುತ್ತದೋ ಎಂದು ಅಲುಗಾಡಲಿಲ್ಲ. ಕೆಳಗೆ ಹೊಳೆ ತನ್ನ ಪಾಡಿಗೆ ಸದ್ದು ಮಾಡುತ್ತಿತ್ತು. ಅಮ್ಮ ಹೇಳಿದ್ದೇ ನಿಜವಾಯಿತಲ್ಲ ಎಂದುಕೊಂಡಾಗ ಕಣ್ಣೀರು ಕಿವಿಯೊಳಕ್ಕೆ ಹರಿಯಿತು, ಅದು ಕಚಗುಳಿಯಿಟ್ಟಿತು, ಕಿವಿ ಒರೆಸಿಕೊಳ್ಳಲು ಕೈ ಎತ್ತಿದಳು. ಕೈ ಎತ್ತಿದ ಮೇಲೆ ಮೊಣಕೈ ಊರಿದಳು. ಮೊಣಕೈ ಊರಿದ ಮೇಲೆ ಮಂಡಿ ಮಡಚಿ ನೋಡಿದಳು. ಮಡಚಿತು. ಪಕ್ಕದ ಮರದ ಬೇರು ಹಿಡಿದು ಎದ್ದಳು. ಉರಿಯಿತು, ಆದರೆ ಕಾಲು ಮೈಯ ಭಾರ ಹೊತ್ತಿತು. ಒಂದು ಉದ್ದ ಹೆಜ್ಜೆ. ಒಂದು ಗಿಡ್ಡ.

ಹಾಸ್ಟೆಲಿಗೆ ಬಂದವಳು ಬಾಗಿಲಲ್ಲಿ ನಿಂತು, ಪರೀಕ್ಷೆ ಪಾಸಾದವರ ದನಿಯಲ್ಲಿ "ಲುಚ್ಕಾ, ನಾನು ಬಿದ್ದೆ," ಎಂದಳು.

ಲುಚ್ಕಾ ಗಾಬರಿಯಿಂದ ಎದ್ದು ನಿಂತಳು. "ಎಲ್ಲಿ? ಆಸ್ಪತ್ರೆಗೆ..."

"ಏನೂ ಆಗಿಲ್ಲ ಕಣೇ. ಬಿದ್ದೆ, ಎದ್ದೆ. ಅಷ್ಟೇ. ಇಷ್ಟು ದಿನ ಇದಕ್ಕೇನಾ ಎಲ್ರೂ ಹೆದರ್ಕೊಂಡಿದ್ದು?"

ಸೊಂಟದ ಮೇಲೆ ಅಂಗೈಯಗಲ ನೇರಳೆ ಬಣ್ಣದ ಕಲೆ ಎದ್ದಿತ್ತು. ಅವಳು ಅದನ್ನು ಕನ್ನಡಿಯಲ್ಲಿ ನೋಡಿ ನೋಡಿ ಬೀಗಿದಳು.

ಅಲ್ಲಿಂದ ಮುಂದೆ ಅವಳಿಗೆ ಬ್ರೇಕೇ ಇರಲಿಲ್ಲ. ಎರಡು ಕೋಲು ಕೊಂಡಳು. ತೊಲ್ಮಿನ್ ದಾಟಿದಳು, ಕೊಬಾರಿದ್ ದಾಟಿದಳು. ಹೊಳೆ ದಿನೇ ದಿನೇ ಎಳೆಯದಾಗುತ್ತಿತ್ತು. ಕೆಳಗೆ ಮುದುಕನಂತಿದ್ದದ್ದು ಮೇಲೆ ಮೇಲೆ ಹೋದಂತೆ ಜಗಳಗಂಟಿ ಹುಡುಗಿಯಾಯಿತು.

ಕೊಬಾರಿದ್‌ನ ಕಲ್ಲು ಸೇತುವೆಯ ಮೇಲೆ ಲುಚ್ಕಾ ಅವಳ ಒಂದು ಫೋಟೋ ತೆಗೆದು ಎಲ್ಲರಿಗೂ ಕಾಣುವಂತೆ ಹಾಕಿದಳು. ಕೋಲುಗಳನ್ನು ತಲೆಯ ಮೇಲೆತ್ತಿ, ಬಾಯಿ ತುಂಬ ನಗುತ್ತಿದ್ದ ಬಿಸೆರಾ. ಸ್ತ್ರೂಮಿತ್ಸಾದಲ್ಲಿ ಚಿಕ್ಕಪ್ಪನ ಮಗಳೊಬ್ಬಳು ಅದನ್ನು ನೋಡಿ, ಎಷ್ಟು ಚೆನ್ನಾಗಿದೆ ಎಂದುಕೊಂಡು, ಒಳ್ಳೆಯ ಮನಸ್ಸಿನಿಂದಲೇ ದೊಡ್ಡಮ್ಮನ ಮೆಣಸಿನಕಾಯಿ ಅಂಗಡಿಗೆ ಓಡಿದಳು.

ಆ ಸಂಜೆ ಫೋನಿನಲ್ಲಿ ದೊಬ್ರಿಂಕಾಳ ದನಿ ಬಹಳ ಮೆತ್ತಗಿತ್ತು.

"ಎಲ್ಲಿದ್ದೆ ಮಗಾ?"

"ಲೈಬ್ರರೀಲಿ."

"ಓಹೋ. ಲೈಬ್ರರಿಗೆ ಈಗ ಹೊಳೆ ತರಿಸಿದಾರಾ?"

ಬಿಸೆರಾ ತಿರುಗಿ ಲುಚ್ಕಾಳ ಕಡೆ ಕಣ್ಣು ಬಿಟ್ಟಳು.

"ಮೇಲೆ ಒಂದು ಸೇತುವೆಯನ್ನೂ ಕಟ್ಟಿಸಿದ ಹಾಗಿದೆ. ಕೈಯಲ್ಲಿ ಕೋಲು ಬೇರೆ. ಪುಸ್ತಕ ಕೆಡವೋದಕ್ಕಾ?"

"ಅಮ್ಮಾ, ಕೇಳು..."

"ಏನೂ ಕೇಳಲ್ಲ," ಎಂದು ದೊಬ್ರಿಂಕಾ ಫೋನಿಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅಪ್ಪ ಮಾತ್ರ ಒಂದು ಸಂದೇಶ ಕಳಿಸಿದ: "ನಿಮ್ಮಮ್ಮ ಬಸ್ಸು ಹತ್ತಿದಾಳೆ. ದೇವರು ನಿನ್ನ ಕಾಪಾಡಲಿ."

ಜೂನ್ ತಿಂಗಳ ಒಂದು ಶುಕ್ರವಾರ ದೊಬ್ರಿಂಕಾ ನೋವಾ ಗೋರಿತ್ಸಾದ ಬಸ್ ನಿಲ್ದಾಣದಲ್ಲಿ ಇಳಿದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಸುಟ್ಟ ಮೆಣಸಿನಕಾಯಿ ಅರೆದು ಮಾಡಿದ ಅಯ್ವಾರಿನ ಶೀಸೆಗಳು. ಮೂರು ಗಡಿ ದಾಟಿ ಬಂದಿದ್ದರೂ ಸೆರಗು ಬಿಗಿದು ಜಗಳಕ್ಕೆ ಹೊರಟವಳ ಹಾಗೆ ತಲೆಯ ವಸ್ತ್ರ ಬಿಗಿದಿತ್ತು. ಮಗಳನ್ನು ಅಪ್ಪಿಕೊಂಡಳು, ಕೆನ್ನೆ ಹಿಂಡಿದಳು, ಸೊಂಟ ಮುಟ್ಟಿ ನೋಡಿದಳು. ಲುಚ್ಕಾಳನ್ನೂ ಅಪ್ಪಿಕೊಂಡು, "ಫೋಟೋ ತೆಗೆದವಳು ನೀನೇನಾ?" ಎಂದಳು. ಎರಡು ಭಾಷೆಗಳೂ ಅಕ್ಕತಂಗಿಯರ ಹಾಗಿರುವುದರಿಂದ ಲುಚ್ಕಾಗೆ ಅರ್ಥವಾಯಿತು. ಅರ್ಥವಾಗದವಳಂತೆ ನಕ್ಕಳು.

"ನಾಳೆ ಶನಿವಾರ," ಎಂದಳು ದೊಬ್ರಿಂಕಾ. "ಎಲ್ಲಿಗೆ ಹೋಗ್ತೀಯೋ ನನ್ನನ್ನೂ ಕರ್ಕೊಂಡು ಹೋಗು. ನೋಡಿದ ಮೇಲೆ ಹೇಳ್ತೀನಿ, ನೀನು ಇಲ್ಲಿ ಇರಬೇಕಾ ಮನೆಗೆ ಬರಬೇಕಾ ಅಂತ."

"ಕಷ್ಟದ ದಾರಿ ಅಮ್ಮಾ. ಕೊನೇ ಭಾಗ."

"ಕುಂಟೋ ಮಗಳು ಹೋಗೋ ದಾರೀಲಿ ನಾನು ಹೋಗಲಾರೆನಾ?"

ಬಾಯಿ ತಪ್ಪಿ ಬಂದ ಮಾತು ಅದು. ಮನೆಯಲ್ಲಿ ಯಾರೂ ಆ ಪದ ಆಡಿದ್ದೇ ಇಲ್ಲ. ದೊಬ್ರಿಂಕಾಳ ಮುಖ ಸಪ್ಪಗಾಯಿತು. ಬಿಸೆರಾ ಮಾತ್ರ ಚೀಲ ಎತ್ತಿಕೊಂಡು, "ಅದನ್ನೂ ನೋಡೋಣ," ಎಂದು ಮುಂದೆ ನಡೆದಳು.

ಬಿಸೆರಾ ಹಿಂದಿನ ಸಲ ನಿಲ್ಲಿಸಿದ್ದ ಬೊವೆಟ್ಸ್ ಊರಿನಿಂದ ಹೊರಟ ಕಾಲುದಾರಿ ಹೊಳೆಯನ್ನು ಈ ದಡದಿಂದ ಆ ದಡಕ್ಕೆ ಮತ್ತೆ ಮತ್ತೆ ದಾಟುತ್ತದೆ. ಲುಚ್ಕಾ ಈ ಸಲ ಹಾಸ್ಟೆಲಿನಲ್ಲೇ ಉಳಿದಿದ್ದಳು. ಮಗಳು ಮುಂದೆ, ತಾಯಿ ಹಿಂದೆ. ತಾಯಿಯ ಬಾಯಿ ಒಂದು ಗಳಿಗೆ ಮುಚ್ಚಲಿಲ್ಲ.

"ಕಲ್ಲು ಇದೆ ನೋಡು. ಅಲ್ಲಿ ಒದ್ದೆ. ಬೇರು, ಬೇರು. ನಿಧಾನ. ಆ ಕಡೆ ಹೋಗಬೇಡ."

ಬಿಸೆರಾ ನಿಂತು ತಿರುಗಿದಳು. "ಅಮ್ಮಾ, ನೀನು ಹೀಗೆ ಹಿಂದಿನಿಂದ ಹೇಳ್ತಾನೇ ಇದ್ರೆ ನನಗೆ ಕಲ್ಲು ಕಾಣಲ್ಲ, ನಿನ್ನ ದನಿ ಮಾತ್ರ ಕಾಣುತ್ತೆ. ಬೀಳೋದು ಆವಾಗಲೇ."

"ಬೀಳೋ ಮಾತು ಆಡಬೇಡ."

"ಬಿದ್ದಿದೀನಿ. ಮಾರ್ಚಿನಲ್ಲಿ. ಇದೇ ಸೊಂಟದ ಮೇಲೆ."

ದೊಬ್ರಿಂಕಾ ದಾರಿಯ ಮಧ್ಯೆ ಕಲ್ಲಾದಳು. ಕೈ ತಾನಾಗಿಯೇ ಎದೆಗೆ ಹೋಯಿತು. "ಆಮೇಲೆ?"

"ಆಮೇಲೆ ಎದ್ದೆ. ರೈಲು ಹಿಡಿದು ಹೋಗಿ ಸೋಮವಾರ ಕ್ಲಾಸಿಗೆ ಹೋದೆ."

"ನನಗೆ ಹೇಳ್ಲಿಲ್ಲ."

"ಹೇಳಿದ್ರೆ ನೀನು ಆವತ್ತೇ ಬಸ್ಸು ಹತ್ತುತಿದ್ದೆ."

ದೊಬ್ರಿಂಕಾ ಅಲ್ಲಗಳೆಯಲಿಲ್ಲ. ಕಲ್ಲು, ಬೇರು ಎಣಿಸುವುದನ್ನು ಬಿಟ್ಟ ಮೇಲೆ ದೊಬ್ರಿಂಕಾ ಮೊದಲ ಬಾರಿಗೆ ಮಗಳ ನಡಿಗೆಯನ್ನು ನೋಡಿದಳು. ಹೆದರಿಕೆಯಿಂದ ಸಾವಿರ ಸಲ ನೋಡಿದ್ದಳು. ಸುಮ್ಮನೆ ನೋಡಿದ್ದು ಇದೇ ಮೊದಲು. ಮಗಳು ಕೋಲನ್ನು ಮೊದಲು ಊರಿ, ನೆಲವನ್ನು ಒಂದು ಕ್ಷಣ ಓದಿ, ಆಮೇಲೆ ಕಾಲಿಡುತ್ತಿದ್ದಳು. ಯಾವ ಕಲ್ಲು ಅಲುಗುತ್ತದೆ, ಯಾವುದು ಗಟ್ಟಿ ಎಂಬುದು ಅವಳಿಗೆ ಮೊದಲೇ ತಿಳಿದಂತಿತ್ತು. ಪೇಟೆಯಲ್ಲಿ ನಡೆಯುವಾಗಿನ ಆ ಮುದುಡಿದ ಹೆಗಲು ಇಲ್ಲಿ ಇರಲಿಲ್ಲ.

ತೂಗುಸೇತುವೆ ಬಂದಾಗ ದೊಬ್ರಿಂಕಾಳ ಗುಟ್ಟು ಹೊರಬಿತ್ತು. ಎರಡು ಉಕ್ಕಿನ ಹಗ್ಗ, ನಡುವೆ ಹಲಗೆಗಳು, ಸಂದಿಯಲ್ಲಿ ಕುದಿಯುವ ಹಸಿರು ನೀರು. ಬಿಸೆರಾ ದಾಟಿ ಹೋಗಿ ತಿರುಗಿ ನೋಡಿದರೆ ಅಮ್ಮ ಆ ದಡದಲ್ಲೇ ನಿಂತು ತಲೆಯ ವಸ್ತ್ರ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಬಾ ಅಮ್ಮಾ."

"ಬರ್ತೀನಿ. ಗಂಟು ಸಡಿಲಾಗಿತ್ತು."

ಬಂದಳು, ಕಣ್ಣು ಮುಚ್ಚಿಕೊಂಡು, ಎಲ್ಲ ಸಂತರ ಹೆಸರನ್ನೂ ಹೇಳಿಕೊಂಡು. ಈ ದಡಕ್ಕೆ ಕಾಲಿಟ್ಟ ಮೇಲೆ, "ಈ ಊರಲ್ಲಿ ಸರಿಯಾದ ಸೇತುವೆ ಕಟ್ಟೋಕೆ ಕಲ್ಲಿಲ್ವಾ? ದಾರಿ ತುಂಬ ಬಿದ್ದಿದೆಯಲ್ಲ," ಎಂದು ಬೈದಳು.

ಆ ಸಂಜೆ ಟ್ರೆಂಟಾದ ಒಂದು ರೈತರ ಮನೆಯಲ್ಲಿ ಉಳಿದರು. ಮನೆಯೊಡತಿ ಬೇಯಿಸಿದ ಆಲೂಗೆಡ್ಡೆಯನ್ನೂ ಗಟ್ಟಿ ಮೊಸರುಗಿಣ್ಣನ್ನೂ ಮುಂದಿಟ್ಟಳು. ದೊಬ್ರಿಂಕಾ ಒಂದು ತುತ್ತು ತಿಂದು, ತಲೆದೂಗಿ, ಚೀಲದಿಂದ ಅಯ್ವಾರಿನ ಶೀಸೆ ತೆಗೆದು ಮೇಜಿನ ನಡುವೆ ಕುಕ್ಕಿದಳು. ಮನೆಯೊಡತಿ ಚಮಚದ ತುದಿಯಲ್ಲಿ ರುಚಿ ನೋಡಿದಳು, ಆಮೇಲೆ ಚಮಚ ತುಂಬ ಹಾಕಿಕೊಂಡಳು, ಆಮೇಲೆ ಗಂಡನನ್ನು ಕೂಗಿದಳು. ಊಟ ಮುಗಿಯುವಷ್ಟರಲ್ಲಿ ಶೀಸೆ ಬರಿದಾಗಿತ್ತು, ದೊಬ್ರಿಂಕಾಳ ಸಿಟ್ಟೂ ಅರ್ಧ ಇಳಿದಿತ್ತು.

"ನಾಳೆ ಹುಟ್ಟಿಗೆ ಹೋಗ್ತೀರಾ?" ಎಂದು ಮನೆಯೊಡತಿ ಕೇಳಿದಳು. "ಕೊನೇಲಿ ಬಂಡೆ ಇದೆ. ಹಿಡ್ಕೊಳ್ಳೋಕೆ ಉಕ್ಕಿನ ಹಗ್ಗ ಹಾಕಿದಾರೆ. ಆಗಲ್ಲ ಅನ್ಸಿದ್ರೆ ಕೆಳಗಿನಿಂದಲೇ ನೋಡಬಹುದು. ತುಂಬ ಜನ ಹಾಗೇ ಮಾಡ್ತಾರೆ." ಹೇಳುವಾಗ ಅವಳ ಕಣ್ಣು ಒಂದು ಕ್ಷಣ ದಪ್ಪ ಅಟ್ಟೆಯ ಬೂಟಿನ ಮೇಲೆ ಇಳಿಯಿತು.

"ಅವಳಿಗೆ ಆಗುತ್ತೆ," ಎಂದಳು ದೊಬ್ರಿಂಕಾ ಥಟ್ಟನೆ. ಅಂದ ಮೇಲೆ ತನ್ನ ಬಾಯಿಂದ ಬಂದದ್ದೇನು ಎಂದು ತಾನೇ ಬೆರಗಾದಳು. ಮಗಳನ್ನು ನೋಡದೆ ತಟ್ಟೆ ಒರೆಸಿದಳು.

ಮರುದಿನ ಬೆಳಿಗ್ಗೆ ಬಿಸಿಲು ಬೆಟ್ಟದ ತುದಿಗಳನ್ನಷ್ಟೇ ಮುಟ್ಟಿದ್ದಾಗ ಹೊರಟರು. ಹೊಳೆ ಈಗ ಹೊಳೆಯಾಗಿರಲಿಲ್ಲ. ಹಾರಿ ದಾಟಬಹುದಾದ ಬಿಳಿಯ ತೊರೆ. ದಾರಿ ಒಂದು ಪುಟ್ಟ ತಂಗುಮನೆಯ ಅಂಗಳಕ್ಕೆ ಬಂದು, ಅಲ್ಲಿಂದ ಕಲ್ಲುಕಲ್ಲಾಗಿ ಮೇಲೇರಿ, ಬಂಡೆಯ ಬುಡದಲ್ಲಿ ನಿಂತಿತು. ಅಲ್ಲಿಂದ ಮುಂದೆ ದಾರಿ ಇರಲಿಲ್ಲ. ಬಂಡೆಯ ಮೈಗೆ ಅಡ್ಡವಾಗಿ ಉಕ್ಕಿನ ಹಗ್ಗ, ಅದರಡಿಯಲ್ಲಿ ಕಾಲಿಡುವಷ್ಟು ಅಂಚು, ಕೆಳಗೆ ಸೀಳಿನಲ್ಲಿ ಧುಮ್ಮಿಕ್ಕುವ ನೀರು.

"ನೀನು ಇಲ್ಲೇ ಕೂತಿರು ಅಮ್ಮಾ. ನಾನು ಹೋಗಿ ಬರ್ತೀನಿ."

"ನೀನು ಬಿದ್ರೆ ಹಿಡಿಯೋರು ಯಾರು? ನಡೆ. ನಾನು ಹಿಂದೇ ಇರ್ತೀನಿ."

ಬಿಸೆರಾ ಕೋಲುಗಳನ್ನು ಬೆನ್ನಿಗೆ ಕಟ್ಟಿ ಹಗ್ಗ ಹಿಡಿದಳು. ಉಕ್ಕು ತಣ್ಣಗೆ ಕೊರೆಯುತ್ತಿತ್ತು. ಗಿಡ್ಡ ಕಾಲನ್ನು ಮೇಲಿನ ಅಂಚಿನಲ್ಲೂ ಉದ್ದದ ಕಾಲನ್ನು ಕೆಳಗಿನ ಅಂಚಿನಲ್ಲೂ ಇಟ್ಟರೆ ಅಡ್ಡ ಇಳಿಜಾರಿನ ಬಂಡೆಯಲ್ಲಿ ಮೈ ನೆಟ್ಟಗೆ ನಿಲ್ಲುತ್ತದೆಂದು ಅವಳಿಗೆ ಎರಡೇ ಹೆಜ್ಜೆಯಲ್ಲಿ ಗೊತ್ತಾಯಿತು. ಅವಳಿಗೆ ನಗು ಬಂತು. ಈ ಬಂಡೆಯನ್ನು ತನ್ನ ಅಳತೆ ತೆಗೆದುಕೊಂಡೇ ಕಡೆದಿದ್ದಾರೆ ಎನ್ನಿಸಿತು.

ಅರ್ಧ ದಾಟಿದ್ದಳು. ಹಿಂದಿನಿಂದ ಅಮ್ಮನ ಸದ್ದೇ ಇಲ್ಲ ಎಂದು ತಿರುಗಿದಳು.

ದೊಬ್ರಿಂಕಾ ಬಂಡೆಗೆ ಹಲ್ಲಿಯಂತೆ ಅಂಟಿಕೊಂಡಿದ್ದಳು. ಎರಡೂ ಕೈ ಹಗ್ಗವನ್ನು ಹಿಡಿದು ಬೆಳ್ಳಗಾಗಿದ್ದವು. ಕಣ್ಣು ಕೆಳಗಿನ ನೀರಿನಲ್ಲಿ ಸಿಕ್ಕಿಕೊಂಡಿತ್ತು. ಮೆಣಸಿನಕಾಯಿ ಮೂಟೆಗಳನ್ನು ಹೆಗಲಿಗೆಸೆದುಕೊಂಡು ನಡೆಯುತ್ತಿದ್ದ ಹೆಂಗಸು ಒಂದು ಹೆಜ್ಜೆ ಎತ್ತಲಾರದೆ ಹೋಗಿದ್ದಳು.

"ಅಮ್ಮಾ?"

"ಆಗ್ತಿಲ್ಲ," ಎಂದಳು ದೊಬ್ರಿಂಕಾ. ಆ ದನಿಯನ್ನು ಬಿಸೆರಾ ಹಿಂದೆಂದೂ ಕೇಳಿರಲಿಲ್ಲ. "ಮಗಾ, ನನಗೆ ಆಗ್ತಿಲ್ಲ. ಕಾಲು ನನ್ನ ಮಾತು ಕೇಳ್ತಿಲ್ಲ."

ಬಂಡೆಯ ಬುಡದಲ್ಲಿ ಆ ಹೊತ್ತಿಗೆ ಏಳೆಂಟು ಜನ ಚಾರಣಿಗರು ಸೇರಿದ್ದರು. ಅವರಲ್ಲಿ ಎತ್ತರದ ಗಂಡಸೊಬ್ಬ ಹಗ್ಗಕ್ಕೆ ಕೈ ಹಾಕಿದ. "ನಾನು ಬಂದು ಅವರನ್ನ ಇಳಿಸ್ತೀನಿ. ನೀವು ಅಲ್ಲೇ ನಿಲ್ಲಿ. ನಿಮ್ಮ ಕಾಲು ಬೇರೆ..."

"ನನ್ನ ಕಾಲಿಗೆ ಏನೂ ಆಗಿಲ್ಲ," ಎಂದಳು ಬಿಸೆರಾ. "ನೀವು ಸ್ವಲ್ಪ ಕಾಯಿರಿ. ಆಕೆ ನನ್ನ ತಾಯಿ."

ಅವಳು ದನಿ ಎತ್ತಿರಲಿಲ್ಲ. ಆದರೂ ಆ ಮನುಷ್ಯ ಹಗ್ಗ ಬಿಟ್ಟು ಹಿಂದೆ ಸರಿದ.

ಬಿಸೆರಾ ಬಂದ ದಾರಿಯಲ್ಲೇ ಹಿಂದಕ್ಕೆ ಬಂದಳು. ಅಮ್ಮನ ಹತ್ತಿರ ಬಂದು, ಹಗ್ಗದ ಮೇಲಿನ ಆ ಬೆಳ್ಳಗಾದ ಕೈಯ ಮೇಲೆ ತನ್ನ ಕೈಯಿಟ್ಟಳು.

"ನೀರು ನೋಡಬೇಡ. ನನ್ನ ಬೂಟು ನೋಡು."

"ನೀನು ಬೀಳ್ತೀಯ."

"ಬಿದ್ರೆ ಇಬ್ಬರೂ ಒದ್ದೆ ಆಗ್ತೀವಿ, ಅಪ್ಪ ನಗ್ತಾನೆ. ಬೂಟು ನೋಡು ಅಂದೆ. ದಪ್ಪ ಅಟ್ಟೆದು. ಕಾಣುತ್ತಾ?"

"ಕಾಣುತ್ತೆ."

"ಅದು ಎಲ್ಲಿಂದ ಏಳುತ್ತೋ ಅಲ್ಲಿ ನಿನ್ನ ಕಾಲಿಡು. ಬೇರೆಲ್ಲೂ ಇಡಬೇಡ. ಹಿಂದಕ್ಕೆ ಹೋಗಬೇಕಾ, ಮುಂದಕ್ಕೆ ಹೋಗಬೇಕಾ? ನೀನೇ ಹೇಳು. ಎರಡಕ್ಕೂ ನಾನಿದೀನಿ."

ದೊಬ್ರಿಂಕಾ ಕೆಳಗೆ ನೋಡಲಿಲ್ಲ. ಹಿಂದೆ ಕಾಯುತ್ತಿದ್ದವರನ್ನೂ ನೋಡಲಿಲ್ಲ. ಮಗಳ ಬೂಟನ್ನೇ ನೋಡುತ್ತ ಬಹಳ ಹೊತ್ತು ಉಸಿರಾಡಿದಳು.

"ಇಷ್ಟು ದೂರ ಬಂದು ಬರಿಗೈಲಿ ಹೋಗೋದಾ?" ಎಂದಳು. "ಮುಂದಕ್ಕೆ."

ದಪ್ಪ ಅಟ್ಟೆಯ ಬೂಟು ಎದ್ದಿತು. ಅದೇ ಜಾಗಕ್ಕೆ ಪೇಟೆಯ ಮೆಟ್ಟು ಇಳಿಯಿತು. ಮತ್ತೆ ಎದ್ದಿತು, ಮತ್ತೆ ಇಳಿಯಿತು. ಬಿಸೆರಾ ಹಿಂದುಮುಂದಾಗಿ ನಡೆಯುತ್ತ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಅಮ್ಮನ ಮಣಿಕಟ್ಟು ಹಿಡಿದಿದ್ದಳು. "ಇಲ್ಲಿ ಗಟ್ಟಿ ಇದೆ. ಇಲ್ಲಿ ಸ್ವಲ್ಪ ಒದ್ದೆ, ಹಿಮ್ಮಡಿ ಊರು. ಹಾಂ, ಹಾಗೇ. ಚೆನ್ನಾಗಿ ಬರ್ತಿದೀಯ." ತಾಯಿಗೆ ನಡೆಯಲು ಕಲಿಸುತ್ತಿದ್ದೇನೆ ಎಂಬುದು ಅವಳಿಗೆ ಆ ಹೊತ್ತಿನಲ್ಲಿ ಹೊಳೆಯಲೂ ಇಲ್ಲ. ಹೊಳೆದದ್ದು ತಾಯಿಗೆ. ದೊಬ್ರಿಂಕಾಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಕೈ ಖಾಲಿ ಇಲ್ಲದ್ದರಿಂದ ಒರೆಸಿಕೊಳ್ಳಲಿಲ್ಲ.

ಅಂಚು ಅಗಲವಾಯಿತು. ಬಂಡೆ ಒಳಕ್ಕೆ ಬಾಗಿತು. ಅಲ್ಲಿ, ಬೆಟ್ಟದ ಹೊಟ್ಟೆ ಸೀಳಿಕೊಂಡಿದ್ದ ಕಡೆ, ಒಂದು ಕಪ್ಪು ಕೊಳ ಇತ್ತು. ಕೊಳವೆಂದರೆ ಎರಡು ಮಂಚ ಹಾಕುವಷ್ಟು ಜಾಗ. ನೀರು ಎಲ್ಲಿಂದಲೂ ಸುರಿಯುತ್ತಿರಲಿಲ್ಲ, ಸದ್ದೂ ಮಾಡುತ್ತಿರಲಿಲ್ಲ. ಬಂಡೆಯ ಆಳದಿಂದ ತಾನಾಗಿ ಮೇಲೆದ್ದು, ಅಂಚಿಗೆ ಬಂದು, ಹೊರಗಿನ ಬೆಳಕು ಕಂಡೊಡನೆ ಹಸಿರಾಗಿ ಧುಮುಕುತ್ತಿತ್ತು.

ಬಿಸೆರಾ ಕೊಳದಂಚಿಗೆ ಬಂದು ನಿಂತಳು. ಬಿಳಿ ಕುದುರೆಗಳ ಜೌಗು, ದ್ರಾಕ್ಷಿ ತೋಟ, ಕನಾಲ್‌ನ ಇಳಿಜಾರು, ಎಲ್ಲ ಇಲ್ಲಿಂದ ಹೊರಟದ್ದು. ನೀಲಿ ಗೆರೆ ಮುಗಿಯುವ ಜಾಗ ಖಾಲಿಯಾಗಿರುತ್ತದೆ ಎಂದುಕೊಂಡಿದ್ದಳು. ಖಾಲಿ ಇರಲಿಲ್ಲ. ತುಂಬಿ ಹೊರಚೆಲ್ಲುತ್ತಿತ್ತು. ಅವಳ ಎದೆಯೊಳಗೂ ಏನೋ ಹಾಗೇ ಸದ್ದಿಲ್ಲದೆ ಮೇಲೆದ್ದು ಅಂಚಿಗೆ ಬಂತು. ಅವಳು ಎರಡೂ ಕೋಲುಗಳನ್ನು ಬೆನ್ನಿಂದ ಬಿಚ್ಚಿ ತಲೆಯ ಮೇಲೆತ್ತಿ, ಸ್ತ್ರೂಮಿತ್ಸಾದವರೆಗೂ ಕೇಳುವಂತೆ ಒಮ್ಮೆ ಕೂಗಿದಳು. ಬಂಡೆಗಳು ಆ ಕೂಗನ್ನು ಒಂದರಿಂದ ಒಂದಕ್ಕೆ ದಾಟಿಸಿದವು. ಕೆಳಗಿದ್ದವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ದೊಬ್ರಿಂಕಾ ಮಂಡಿಯೂರಿ ಬೊಗಸೆಯಲ್ಲಿ ನೀರೆತ್ತಿ ಕುಡಿದಳು. ತಣ್ಣಗಿನ ಏಟಿಗೆ ಹಣೆ ಹಿಡಿದುಕೊಂಡಳು. ಆಮೇಲೆ ಇನ್ನೊಂದು ಬೊಗಸೆ ತುಂಬಿ ಮಗಳ ಬಾಯಿಗೆ ಹಿಡಿದಳು.

"ಕುಡಿ," ಎಂದಳು. ಮಗಳು ಕುಡಿಯುವುದನ್ನು ನೋಡುತ್ತ, ಬಹಳ ಮೆಲ್ಲಗೆ, "ಆ ಓಹ್ರಿದ್ ಕೋಟೆ ಏನು ಮಹಾ ಎತ್ತರ ಇತ್ತು. ಹತ್ತಿರ್ತಿದ್ದೆ ನೀನು," ಎಂದಳು.

ಬಿಸೆರಾ ಅಮ್ಮನ ಒದ್ದೆ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಅಂದು ದೊಬ್ರಿಂಕಾಗೆ ಹಾಗನ್ನಿಸಲಿಲ್ಲ. ಮಗಳ ಬೂಟಿನ ಹಿಂದೆ ತನ್ನ ಮೆಟ್ಟು ಇಟ್ಟು ಇಳಿದು ಬಂದಳು. ಬುಡದಲ್ಲಿ ಎತ್ತರದ ಮನುಷ್ಯ ಇನ್ನೂ ಕಾದಿದ್ದ. ಅವನ ಹೆಂಡತಿ ಹಗ್ಗ ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದಳು. ದೊಬ್ರಿಂಕಾ ಅವಳ ಹೆಗಲು ತಟ್ಟಿ, ಅವಳಿಗೆ ಅರ್ಥವಾಗುತ್ತದೋ ಇಲ್ಲವೋ ನೋಡದೆ, "ಹೆದರಬೇಡ ತಾಯಿ. ಆಗದಿದ್ರೆ ಹೇಳು, ನನ್ನ ಮಗಳು ದಾಟಿಸ್ತಾಳೆ," ಎಂದಳು.

ತಂಗುಮನೆಯ ಅಂಗಳದಲ್ಲಿ ಮರದ ಬೆಂಚಿನ ಮೇಲೆ ಕೂತು ಬಾರ್ಲಿ, ಹುರುಳಿಕಾಯಿ ಬೀಜ ಹಾಕಿದ ಬಿಸಿ ಗಂಜಿ ತಿಂದರು. ಬಿಸೆರಾ ಬೂಟು ಕಳಚಿ ಕಾಲುಗಳನ್ನು ಬಿಸಿಲಿಗೆ ಚಾಚಿದಳು. ದೊಬ್ರಿಂಕಾ ಫೋನು ತೆಗೆದು ಗಂಡನಿಗೆ ಮಾಡಿದಳು. ಫೋನಿಲ್ಲದಿದ್ದರೂ ಕೇಳುವಷ್ಟು ಜೋರಾಗಿ ಮಾತಾಡಿದಳು.

"ಬ್ಲಾಜೆ, ನಾನು ಬಂಡೆ ಹತ್ತಿದೆ. ಹೌದು, ನಾನೇ. ಇಲ್ಲ, ಅವಳು ನನ್ನ ಕೈ ಹಿಡ್ಕೊಂಡಿದ್ದಳು. ನಗಬೇಡ. ಮನೆಗೆ? ಅವಳು ಯಾಕೆ ಮನೆಗೆ ಬರ್ತಾಳೆ, ಓದು ಮುಗೀಲಿ. ಕೇಳು ಇಲ್ಲಿ. ನಮ್ಮ ವಾರ್ದಾರ್ ಹೊಳೆ ಎಲ್ಲಿ ಹುಟ್ಟೋದು?" ಒಂದು ಕ್ಷಣ ಕೇಳಿಸಿಕೊಂಡು ಮಗಳ ಕಡೆ ತಿರುಗಿದಳು. "ನಿಮ್ಮಪ್ಪನಿಗೆ ಗೊತ್ತಿಲ್ಲ. ನಲವತ್ತು ವರ್ಷ ಅದರ ಪಕ್ಕದಲ್ಲೇ ಲಾರಿ ಓಡಿಸಿದಾನೆ."

"ವ್ರುತೊಕ್ ಅನ್ನೋ ಹಳ್ಳೀಲಿ," ಎಂದಳು ಬಿಸೆರಾ. "ಸಮುದ್ರ ಸೇರೋದು ಗ್ರೀಸಿನಲ್ಲಿ."

"ಗ್ರೀಸಿನಲ್ಲಂತೆ," ಎಂದು ದೊಬ್ರಿಂಕಾ ಫೋನಿಗೆ ಕೂಗಿದಳು. "ಆಗಸ್ಟಿನಲ್ಲಿ ರಜಾ ತಗೋ. ನಾವಿಬ್ಬರೂ ನಡೀತೀವಿ. ನೀನು ಲಾರಿಯಲ್ಲಿ ಸಾಮಾನು ಹಾಕ್ಕೊಂಡು ಹಿಂದೆ 'ಕಲ್ಲು ನೋಡಿ, ಬೇರು ನೋಡಿ' ಅಂತ ಕೂಗ್ಕೊಂಡು ಬಾ."

ಬಿಸೆರಾ ನಗುತ್ತ ಎದ್ದು, ಬರಿಗಾಲಲ್ಲೇ, ಒಂದು ಉದ್ದ ಹೆಜ್ಜೆ ಒಂದು ಗಿಡ್ಡ ಹೆಜ್ಜೆಯಿಡುತ್ತ, ಎಲ್ಲರೂ ನೋಡುತ್ತಿದ್ದ ಆ ಅಂಗಳವನ್ನು ದಾಟಿ ಇನ್ನೊಂದು ಬಟ್ಟಲು ಗಂಜಿ ತರಲು ಹೋದಳು.